ಆಕ್ಲೆಂಡ್, 2016: ಮನೆ ಕಟ್ಟುವ ನಿಯಮ ಸಡಿಲಿಸಿದ ನಗರದಲ್ಲಿ ಬಾಡಿಗೆಗೆ ಏನಾಯಿತು?

ಹೆಚ್ಚು ಮನೆ ಕಟ್ಟಿದರೆ ಬಾಡಿಗೆ ಕೈಗೆಟುಕುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ಆ ಉತ್ತರವನ್ನು ರುಜುವಾತುಪಡಿಸುವುದು ಕಷ್ಟ. ಬೆಳೆಯುತ್ತಿರುವ ಯಾವ ನಗರದಲ್ಲಿ ನೋಡಿದರೂ ಹೊಸ ಮನೆಗಳೂ ಏಳುತ್ತಿರುತ್ತವೆ, ಬಾಡಿಗೆಯೂ ಏರುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ಕಂಡವರಿಗೆ ಹೊಸ ಕಟ್ಟಡಗಳೇ ಬಾಡಿಗೆಯನ್ನು ಮೇಲಕ್ಕೆ ಎಳೆಯುತ್ತಿವೆ ಎಂದು ಅನ್ನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೇಡಿಕೆ ಎಲ್ಲಿದೆಯೋ ಅಲ್ಲಿಗೇ ಬಿಲ್ಡರುಗಳು ಹೋಗುವುದರಿಂದ, ಯಾವುದು ಕಾರಣ ಯಾವುದು ಪರಿಣಾಮ ಎಂಬುದು ಬರಿಗಣ್ಣಿಗೆ ತಿಳಿಯುವುದಿಲ್ಲ. ಅದನ್ನು ಬಿಡಿಸಿ ನೋಡಬೇಕಾದರೆ, ಒಂದು ನಗರದಲ್ಲಿ ನಿರ್ದಿಷ್ಟ ದಿನದಂದು ಕಟ್ಟುವ ನಿಯಮವೇ ಬದಲಾಗಿರಬೇಕು, ಆ ಬದಲಾವಣೆ ದೊಡ್ಡದಾಗಿರಬೇಕು, ಅದಕ್ಕೆ ಮುಂಚಿನ ಮತ್ತು ಅನಂತರದ ಬಾಡಿಗೆಯ ಲೆಕ್ಕ ಸರಿಯಾಗಿ ದೊರೆಯಬೇಕು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಈ ಮೂರೂ ಕೂಡಿಬಂದವು. ಆದ್ದರಿಂದಲೇ ವಸತಿಯ ಬಗ್ಗೆ ಆಸಕ್ತಿ ಇರುವವರು ಈ ಒಂದು ಪ್ರಕರಣವನ್ನು ವಿವರವಾಗಿ ನೋಡುವುದು ಉಪಯುಕ್ತ ಎಂದು ನಾನು ಭಾವಿಸುತ್ತೇನೆ.

ಕಾಲು ಎಕರೆಯ ನಗರ

ಆಕ್ಲೆಂಡ್ ನ್ಯೂಜಿಲೆಂಡಿನ ಅತಿ ದೊಡ್ಡ ನಗರ. ದೇಶದ ಜನಸಂಖ್ಯೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಇಲ್ಲೇ ಇದೆ. 2013ರ ಜನಗಣತಿಯಲ್ಲಿ 14 ಲಕ್ಷ ದಾಟಿದ್ದ ಸಂಖ್ಯೆ 2023ರ ಜನಗಣತಿಯ ಹೊತ್ತಿಗೆ 16.5 ಲಕ್ಷದ ಆಸುಪಾಸಿಗೆ ಬಂದಿತ್ತು. ವೈಟೆಮಾಟಾ ಮತ್ತು ಮನುಕಾವ್ ಎಂಬ ಎರಡು ಬಂದರುಗಳ ನಡುವಿನ ಕಿರಿದಾದ ಭೂಪಟ್ಟಿಯ ಮೇಲೆ ಊರು ಬೆಳೆದಿದೆ. ನಡುನಡುವೆ ಆರಿದ ಜ್ವಾಲಾಮುಖಿಯ ಗುಡ್ಡಗಳಿವೆ, ಆ ಗುಡ್ಡಗಳ ನೋಟಕ್ಕೆ ಅಡ್ಡ ಬರುವಂತೆ ಕಟ್ಟಬಾರದೆಂಬ ನಿಯಮವೂ ಇದೆ. ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಊರು ಮೇಲಕ್ಕೆ ಬೆಳೆಯಬೇಕಿತ್ತು. ಬೆಳೆದದ್ದು ಮಾತ್ರ ಅಡ್ಡಡ್ಡಲಾಗಿ.

ಅದಕ್ಕೆ ಕಾರಣ ಅಲ್ಲಿಯ ಜನರು ಬಹುಕಾಲ ಹೊತ್ತುಕೊಂಡು ಬಂದ ಕಾಲು ಎಕರೆಯ ಕನಸು. ಕಾಲು ಎಕರೆಯ ನಿವೇಶನ, ಅದರ ನಡುವೆ ಮರದ ಒಂಟಿ ಮನೆ, ಹಿಂದೆ ಹಿತ್ತಲು, ಮುಂದೆ ಹುಲ್ಲುಹಾಸು: ಇದು ಪ್ರತಿ ಕುಟುಂಬಕ್ಕೂ ಸಿಗಬೇಕಾದ ಬದುಕು ಎಂಬ ನಂಬಿಕೆ. ನಮ್ಮ ಲೆಕ್ಕದಲ್ಲಿ ಕಾಲು ಎಕರೆ ಎಂದರೆ 10 ಗುಂಟೆ. ಬೆಂಗಳೂರಿನ ಬಡಾವಣೆಗಳ 30×40 ಸೈಟುಗಳನ್ನು ಒಂಬತ್ತು ಜೋಡಿಸಿದಷ್ಟು ಜಾಗ ಅದು. ಈ ಕನಸು ನಗರಯೋಜನೆಯ ನಿಯಮವಾಗಿಯೂ ರೂಪುಗೊಂಡಿತ್ತು. ಬಹುತೇಕ ಬಡಾವಣೆಗಳಲ್ಲಿ ಇಂತಿಷ್ಟು ಚದರ ಮೀಟರಿಗೆ ಒಂದೇ ಮನೆ, ಎರಡು ಮಹಡಿಗಿಂತ ಎತ್ತರ ಕೂಡದು, ಪ್ರತಿ ಮನೆಗೂ ಕಾರು ನಿಲ್ಲಿಸಲು ಜಾಗ ಬಿಡಬೇಕು ಎಂಬ ಕಟ್ಟುಪಾಡುಗಳಿದ್ದವು. ಹೊಸದಾಗಿ ಬಂದವರು ಊರಿನ ಅಂಚಿಗೆ ಹೋಗಬೇಕಿತ್ತು, ಇಲ್ಲವೇ ಇರುವ ಮನೆಗಳಿಗಾಗಿಯೇ ಒಬ್ಬರಿಗಿಂತ ಒಬ್ಬರು ಹೆಚ್ಚು ಬಾಡಿಗೆ ಕೊಡಬೇಕಿತ್ತು. 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನ ನಂತರ ನಿರ್ಮಾಣವೂ ಕುಸಿದು, ಕೆಲವು ವರ್ಷ ಇಡೀ ನಗರದಲ್ಲಿ ವರ್ಷಕ್ಕೆ 4,000 ಮನೆಗಳಿಗೂ ಪರವಾನಗಿ ದೊರೆಯಲಿಲ್ಲ. ಅದೇ ಕಾಲಕ್ಕೆ, 1990ರ ದಶಕದಲ್ಲಿ ಹೊಸ ಬಗೆಯ ಹೊದಿಕೆ ಮತ್ತು ಸಂಸ್ಕರಿಸದ ಮರ ಬಳಸಿ ಕಟ್ಟಿದ ಸಾವಿರಾರು ಮನೆಗಳು ಸೋರಿ ಕೊಳೆತ ಪ್ರಕರಣದಿಂದ, ಅಪಾರ್ಟ್‌ಮೆಂಟು ಮತ್ತು ಸಾಲುಮನೆಗಳೆಂದರೆ ಜನರಿಗೆ ಭಯವೂ ಹುಟ್ಟಿತ್ತು.

ಯೋಜನೆ ಒಪ್ಪಿಗೆಯಾದ ಬಗೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ನಿಯಮ ಬದಲಾದ ರೀತಿ. ಏಕೆಂದರೆ ಹೆಚ್ಚು ಮನೆ ಬೇಕು ಎಂದು ಎಲ್ಲರೂ ಹೇಳುತ್ತಾರೆ; ತಮ್ಮ ಬೀದಿಯಲ್ಲಿ ಬೇಡ ಎಂದೂ ಅವರೇ ಹೇಳುತ್ತಾರೆ. ಈ ಎರಡು ಮಾತುಗಳ ನಡುವಿನ ಗಂಟನ್ನು ಆಕ್ಲೆಂಡ್ ಹೇಗೆ ಬಿಡಿಸಿತು ಎಂಬುದು ಮನೆಗಳ ಎಣಿಕೆಗಿಂತ ಹೆಚ್ಚು ವಿಷಯ ಹೇಳುತ್ತದೆ.

2010ರ ನವೆಂಬರ್‌ವರೆಗೆ ಆಕ್ಲೆಂಡ್ ಪ್ರದೇಶವನ್ನು ಒಂದು ಪ್ರಾದೇಶಿಕ ಮಂಡಳಿ ಮತ್ತು ಏಳು ಸ್ಥಳೀಯ ಮಂಡಳಿಗಳು ಆಳುತ್ತಿದ್ದವು. ಪ್ರತಿಯೊಂದಕ್ಕೂ ತನ್ನದೇ ನಿಯಮಪುಸ್ತಕವಿತ್ತು. ಆ ಎಂಟನ್ನೂ ವಿಲೀನಗೊಳಿಸಿ ಆಕ್ಲೆಂಡ್ ಕೌನ್ಸಿಲ್ ಎಂಬ ಒಂದೇ ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಲೆನ್ ಬ್ರೌನ್ ಅದರ ಮೊದಲ ಮೇಯರ್ ಆದರು. ಹೊಸ ಪಾಲಿಕೆಗೆ ಒಂದೇ ನಿಯಮಪುಸ್ತಕ ಬೇಕಾದ್ದರಿಂದ ಏಕೀಕೃತ ಯೋಜನೆ ಹುಟ್ಟಿಕೊಂಡಿತು. ಇದರ ಕರಡು 2013ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ಪ್ರಕಟವಾದಾಗ 9,000ಕ್ಕೂ ಹೆಚ್ಚು ಅಹವಾಲುಗಳು ಬಂದವು.

ಸಾಮಾನ್ಯ ಕ್ರಮದಲ್ಲಿ ಹೋಗಿದ್ದರೆ ಇಂಥ ಯೋಜನೆ, ನಗರಯೋಜನೆಯ ವಿವಾದಗಳನ್ನು ಆಲಿಸುವ ಪರಿಸರ ನ್ಯಾಯಾಲಯದ ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ತಪ್ಪಿಸಲು ಕೇಂದ್ರ ಸರ್ಕಾರ ಆಕ್ಲೆಂಡಿಗೆಂದೇ ವಿಶೇಷ ಕಾನೂನು ಮಾಡಿ, ನ್ಯಾಯಾಧೀಶ ಡೇವಿಡ್ ಕರ್ಕ್‌ಪ್ಯಾಟ್ರಿಕ್ ಅವರ ಅಧ್ಯಕ್ಷತೆಯಲ್ಲಿ ಸ್ವತಂತ್ರ ವಿಚಾರಣಾ ಮಂಡಳಿಯೊಂದನ್ನು ನೇಮಿಸಿತು. ಆ ಕಾನೂನಿನ ಒಂದು ಅಂಶವನ್ನು ಗಮನಿಸಬೇಕು. ಮಂಡಳಿಯ ಶಿಫಾರಸನ್ನು ಪಾಲಿಕೆ ಒಪ್ಪಿಕೊಂಡರೆ, ಅದರ ವಿರುದ್ಧ ಬಹುತೇಕ ಕಾನೂನಿನ ಅಂಶಗಳ ಮೇಲೆ ಮಾತ್ರ ಹೈಕೋರ್ಟಿಗೆ ಹೋಗಬಹುದು. ಒಪ್ಪದೆ ತನ್ನದೇ ಪರ್ಯಾಯ ಇಟ್ಟರೆ, ಆ ಅಂಶದ ಮೇಲೆ ಪರಿಸರ ನ್ಯಾಯಾಲಯದಲ್ಲಿ ಪೂರ್ಣ ಪ್ರಮಾಣದ ವಾದ ನಡೆಯುತ್ತದೆ. ಅಂದರೆ ಒಪ್ಪಿಕೊಳ್ಳುವ ದಾರಿ ಚಿಕ್ಕದು, ತಿರಸ್ಕರಿಸುವ ದಾರಿ ಉದ್ದ. ಪ್ರತಿ ಬೀದಿಯ ವಿರೋಧಕ್ಕೂ ಪ್ರತ್ಯೇಕವಾಗಿ ತಲೆಬಾಗಬೇಕಾದ ಒತ್ತಡದಿಂದ ಪಾಲಿಕೆಯ ಸದಸ್ಯರನ್ನು ಈ ಏರ್ಪಾಡು ಪಾರುಮಾಡಿತು.

ಹಾಗೆಂದು ದಾರಿ ಸುಗಮವಾಗಿರಲಿಲ್ಲ. ಕರಡಿನಲ್ಲಿ ಇದ್ದುದಕ್ಕಿಂತ ಹೆಚ್ಚು ಬಡಾವಣೆಗಳಲ್ಲಿ ಸಡಿಲಿಕೆ ಕೊಡಬೇಕೆಂಬ ಸಾಕ್ಷ್ಯವನ್ನು ಪಾಲಿಕೆಯೇ ಮಂಡಳಿಯ ಮುಂದೆ ಇಟ್ಟಾಗ, ತಮಗೆ ತಿಳಿಸದೆಯೇ ತಮ್ಮ ಬೀದಿಯ ನಿಯಮ ಬದಲಾಗುತ್ತಿದೆ ಎಂದು ಮನೆಮಾಲೀಕರು ಕೆರಳಿದರು. 2016ರ ಫೆಬ್ರವರಿಯಲ್ಲಿ ನಡೆದ ವಿಶೇಷ ಸಭೆಯಲ್ಲಿ, ಮನೆಗಳು ಬೇಕೆಂದು ಮಾತಾಡಿದ ಯುವಜನರ ಪ್ರತಿನಿಧಿಯನ್ನು ಸಭಿಕರು ಗೇಲಿಮಾಡಿ ಕೂಗಾಡಿದರು. ಪಾಲಿಕೆ ತನ್ನ ಸಾಕ್ಷ್ಯವನ್ನೇ ಹಿಂತೆಗೆದುಕೊಂಡಿತು. ಅಲ್ಲಿಗೆ ಸಡಿಲಿಕೆ ಸತ್ತುಹೋಯಿತೆಂದೇ ಹಲವರು ತಿಳಿದರು. ಆದರೆ ಸರ್ಕಾರಿ ಮನೆಗಳ ಒಡೆತನ ಹೊಂದಿದ್ದ ಹೌಸಿಂಗ್ ನ್ಯೂಜಿಲೆಂಡ್ ಸಂಸ್ಥೆ ತನ್ನ ಸಾಕ್ಷ್ಯವನ್ನು ಬಿಟ್ಟುಕೊಡಲಿಲ್ಲ. ಜನರೇಷನ್ ಝೀರೋ ಎಂಬ ಯುವಜನರ ಸಂಘಟನೆ ಬಸ್ಸು, ರೈಲು ಹಾದಿಗಳ ಬಳಿ ಒತ್ತಾಗಿ ಮನೆ ಕಟ್ಟುವ ಊರಿನ ಪರವಾಗಿ ಪ್ರಚಾರ ಮುಂದುವರಿಸಿತು. ಜುಲೈನಲ್ಲಿ ಮಂಡಳಿಯ ಶಿಫಾರಸು ಬಂದಾಗ, ಅದು ಪಾಲಿಕೆಯ ಮೂಲ ಕರಡಿಗಿಂತ ಬಹಳ ಮುಂದೆ ಹೋಗಿತ್ತು. 30 ವರ್ಷಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಅವಕಾಶವಾಗುವಂತೆ ನಕ್ಷೆಯನ್ನು ತಿದ್ದಿತ್ತು. ಆಗಸ್ಟಿನಲ್ಲಿ ಪಾಲಿಕೆ ಬಹುಪಾಲನ್ನು ಒಪ್ಪಿಕೊಂಡಿತು. ನವೆಂಬರಿನಲ್ಲಿ ಯೋಜನೆ ಜಾರಿಗೆ ಬಂತು.

ನಗರದ ವಸತಿ ಭೂಮಿಯ ಸುಮಾರು ಮುಕ್ಕಾಲು ಭಾಗದ ಮೇಲೆ ಇದರ ಪರಿಣಾಮವಾಯಿತು. ಒಂಟಿ ಮನೆ ವಲಯ ಮೊದಲಿನಂತೆಯೇ ಉಳಿಯಿತು. ಅದರಾಚೆಗೆ ಮೂರು ವಲಯಗಳನ್ನು ಮಾಡಿ, ಮೊದಲನೆಯದರಲ್ಲಿ ಎರಡು ಮಹಡಿ, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಐದರಿಂದ ಏಳು ಮಹಡಿಗಳವರೆಗೆ ಅವಕಾಶ ಕೊಡಲಾಯಿತು. ಈ ಮೂರು ವಲಯಗಳಲ್ಲಿ ಇಂತಿಷ್ಟು ಜಾಗಕ್ಕೆ ಒಂದೇ ಮನೆ ಎಂಬ ಮಿತಿಯನ್ನು ತೆಗೆದುಹಾಕಲಾಯಿತು. ಎತ್ತರ, ನೆಲದ ಎಷ್ಟು ಭಾಗವನ್ನು ಕಟ್ಟಡ ಆವರಿಸಬಹುದು, ಪಕ್ಕದ ಮನೆಗೆ ಬಿಸಿಲು ತಾಗುವಂತೆ ಎಷ್ಟು ಜಾಗ ಬಿಡಬೇಕು ಎಂಬ ಮಿತಿಗಳು ಉಳಿದವು; ಅವುಗಳ ಒಳಗೆ ಎಷ್ಟು ಮನೆ ಎಂಬುದನ್ನು ಕಟ್ಟುವವರಿಗೆ ಬಿಡಲಾಯಿತು. 15 ಅಥವಾ ಅದಕ್ಕಿಂತ ಹೆಚ್ಚು ಮನೆಗಳ ಯೋಜನೆಗಳಲ್ಲಿ ಹತ್ತರಲ್ಲಿ ಒಂದು ಪಾಲು ಅಗ್ಗದ ಮನೆ ಇರಲೇಬೇಕೆಂಬ ಪಾಲಿಕೆಯ ಪ್ರಸ್ತಾಪವನ್ನೂ ಮಂಡಳಿ ಕೈಬಿಟ್ಟಿತು, ಅಂಥ ಷರತ್ತು ಒಟ್ಟು ನಿರ್ಮಾಣಕ್ಕೇ ತೊಡಕಾಗುತ್ತದೆ ಎಂಬುದು ಅದರ ನಿಲುವಾಗಿತ್ತು. ಈ ನಿರ್ಧಾರದ ಬಗ್ಗೆ ನನಗೆ ಪೂರ್ಣ ಸಮಾಧಾನವಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಏನು ಕಟ್ಟಿದರು

2016ರಲ್ಲಿ ನಗರದಲ್ಲಿ ಸುಮಾರು 10,000 ಮನೆಗಳಿಗೆ ಪರವಾನಗಿ ದೊರೆತಿತ್ತು. 2021ರಲ್ಲಿ ಆ ಸಂಖ್ಯೆ 20,000 ದಾಟಿತು. ಹೆಚ್ಚಳದ ಬಹುಪಾಲು ಬಂದದ್ದು ಗಗನಚುಂಬಿ ಕಟ್ಟಡಗಳಿಂದಲ್ಲ, ಎರಡು–ಮೂರು ಮಹಡಿಯ ಸಾಲುಮನೆಗಳಿಂದ. ಹಳೆಯ ಮರದ ಮನೆಯೊಂದನ್ನು ತೆಗೆದು ಅದೇ ನಿವೇಶನದಲ್ಲಿ ನಾಲ್ಕು, ಆರು, ಎಂಟು ಮನೆಗಳನ್ನು ಒಂದಕ್ಕೊಂದು ಅಂಟಿದಂತೆ ಕಟ್ಟುವುದು ಅಲ್ಲಿಯ ಸಣ್ಣ ಬಿಲ್ಡರುಗಳಿಗೆ ಸಾಧ್ಯವಾದ ಕೆಲಸ. ಅದಕ್ಕೆ ದೊಡ್ಡ ಬಂಡವಾಳವಾಗಲಿ, ಲಿಫ್ಟಾಗಲಿ, ನೆಲಮಾಳಿಗೆಯ ಪಾರ್ಕಿಂಗಾಗಲಿ ಬೇಕಿರಲಿಲ್ಲ.

ಆಕ್ಲೆಂಡ್ ವಿಶ್ವವಿದ್ಯಾಲಯದ ರಯಾನ್ ಗ್ರೀನವೇ-ಮೆಕ್‌ಗ್ರೆವಿ ಮತ್ತು ಪೀಟರ್ ಫಿಲಿಪ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಡಿಲಿಕೆಯಿಂದಾಗಿಯೇ ಐದು ವರ್ಷಗಳಲ್ಲಿ 21,808 ಹೆಚ್ಚುವರಿ ಮನೆಗಳಿಗೆ ಪರವಾನಗಿ ದೊರೆತಿದೆ ಎಂದು ಅಂದಾಜಿಸಿದರು. ನಗರದಲ್ಲಿದ್ದ ಒಟ್ಟು ಮನೆಗಳ ಶೇಕಡ 4ರಷ್ಟು ಇದು. ಅವರ ವಿಧಾನದ ತಿರುಳು ಸರಳ: ನಿಯಮ ಸಡಿಲಾದ ಬಡಾವಣೆಗಳನ್ನು ಸಡಿಲಾಗದ ಬಡಾವಣೆಗಳ ಜೊತೆ ಹೋಲಿಸುವುದು. ಬಡ್ಡಿದರ, ವಲಸೆ, ಸಿಮೆಂಟಿನ ಬೆಲೆ ಎರಡಕ್ಕೂ ಒಂದೇ. ಆದರೂ ಪರವಾನಗಿಗಳು ಜಿಗಿದದ್ದು ಸಡಿಲಾದ ಕಡೆ ಮಾತ್ರ. ಈ ಜಿಗಿತ ಶುರುವಾದದ್ದು ಕೋವಿಡ್ ಕಾಲದ ಅಗ್ಗದ ಸಾಲಕ್ಕಿಂತ ಎಷ್ಟೋ ಮೊದಲು ಎಂಬುದನ್ನೂ ನೆನಪಿಡಬೇಕು.

ಬಾಡಿಗೆಯನ್ನು ಅಳೆಯುವ ಕಷ್ಟ

ಇನ್ನು ಮುಖ್ಯ ಪ್ರಶ್ನೆ. ಆಕ್ಲೆಂಡಿನಲ್ಲಿ ಬಾಡಿಗೆ ಇಳಿಯಿತೇ? ಡಾಲರ್ ಲೆಕ್ಕದಲ್ಲಿ ಇಳಿಯಲಿಲ್ಲ. 2016ರಲ್ಲಿ ಬಾಡಿಗೆಗಿದ್ದ ಕುಟುಂಬ 2022ರಲ್ಲಿ ಹೆಚ್ಚು ಬಾಡಿಗೆಯನ್ನೇ ಕೊಡುತ್ತಿತ್ತು. ಈ ಮಾತನ್ನು ಮೊದಲೇ ನೇರವಾಗಿ ಹೇಳಿಬಿಡಬೇಕು; ಏಕೆಂದರೆ ಆಕ್ಲೆಂಡಿನ ಯಶಸ್ಸನ್ನು ಕೊಂಡಾಡುವ ಬರಹಗಳು ಇದನ್ನು ಹಿಂದಕ್ಕೆ ಸರಿಸುತ್ತವೆ, ಓದಿದ ಬಾಡಿಗೆದಾರನಿಗೆ ತನ್ನನ್ನು ಯಾರೋ ಮೋಸಗೊಳಿಸುತ್ತಿದ್ದಾರೆ ಅನ್ನಿಸುತ್ತದೆ.

ಆದರೆ ಬಾಡಿಗೆ ಎಷ್ಟು ಏರಬಹುದಿತ್ತು ಎಂಬುದರ ಜೊತೆ ಹೋಲಿಸಿದಾಗ ಚಿತ್ರ ಬೇರೆಯಾಗುತ್ತದೆ. ಇದೇ ಕಾಲದಲ್ಲಿ ನ್ಯೂಜಿಲೆಂಡಿನ ಇತರ ನಗರಗಳಲ್ಲಿ ಬಾಡಿಗೆ ಹೆಚ್ಚು ವೇಗವಾಗಿ ಏರಿತು. ರಾಜಧಾನಿ ವೆಲ್ಲಿಂಗ್ಟನ್ ಬಹುಕಾಲ ಆಕ್ಲೆಂಡಿಗಿಂತ ಅಗ್ಗವಾಗಿತ್ತು. 2021ರ ಸುಮಾರಿಗೆ ಜಾಹೀರಾತುಗಳಲ್ಲಿ ಕೇಳುವ ಬಾಡಿಗೆಯಲ್ಲಿ ಅದು ಆಕ್ಲೆಂಡನ್ನೇ ಹಿಂದೆ ಹಾಕಿತು. ಗ್ರೀನವೇ-ಮೆಕ್‌ಗ್ರೆವಿ ಈ ವ್ಯತ್ಯಾಸವನ್ನು ಅಳೆಯಲು ಬಳಸಿದ ವಿಧಾನದಲ್ಲಿ, 2016ಕ್ಕೆ ಮೊದಲು ಆಕ್ಲೆಂಡಿನ ಬಾಡಿಗೆ ಹೇಗೆ ನಡೆದಿತ್ತೋ ಹಾಗೆಯೇ ನಡೆಯುವಂತೆ ದೇಶದ ಇತರ ನಗರಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಒಂದು ಕಲ್ಪಿತ ಆಕ್ಲೆಂಡನ್ನು ರಚಿಸಲಾಗುತ್ತದೆ. 2016ರ ನಂತರ ನಿಜವಾದ ಆಕ್ಲೆಂಡ್ ಮತ್ತು ಈ ಕಲ್ಪಿತ ಆಕ್ಲೆಂಡ್ ಎಷ್ಟು ದೂರ ಸರಿದವು ಎಂಬುದೇ ನಿಯಮದ ಪರಿಣಾಮ. ಯೋಜನೆ ಜಾರಿಯಾದ ಆರು ವರ್ಷಗಳ ಬಳಿಕ, ಮೂರು ಮಲಗುವ ಕೋಣೆಯ ಮನೆಗಳ ಬಾಡಿಗೆ, ಸಡಿಲಿಕೆ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಶೇಕಡ 26ರಿಂದ 33ರಷ್ಟು ಕಡಿಮೆ ಇದೆ ಎಂದು ಅವರು ಕಂಡುಕೊಂಡರು. ಎರಡು ಕೋಣೆಯ ಮನೆಗಳಲ್ಲಿ ವ್ಯತ್ಯಾಸ ಅದಕ್ಕಿಂತ ಕಡಿಮೆಯಿತ್ತು.

ಮನೆಗಳ ಸಂಖ್ಯೆ ಶೇಕಡ 4ರಷ್ಟು ಹೆಚ್ಚಿದ್ದಕ್ಕೆ ಬಾಡಿಗೆಯಲ್ಲಿ ಇಷ್ಟು ದೊಡ್ಡ ಅಂತರ ಬರಲು ಸಾಧ್ಯವೇ ಎಂಬ ಅನುಮಾನ ಸಹಜ. ನನ್ನ ಮಟ್ಟಿಗೆ ಶೇಕಡ 33 ಎಂಬ ಮೇಲಿನ ತುದಿಯನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. 2020ರ ಮಾರ್ಚಿನಿಂದ ಎರಡು ವರ್ಷ ನ್ಯೂಜಿಲೆಂಡಿನ ಗಡಿ ಮುಚ್ಚಿತ್ತು. ವಿದೇಶಿ ವಿದ್ಯಾರ್ಥಿಗಳು ಮತ್ತು ವಲಸಿಗರು ಹೆಚ್ಚಾಗಿ ಬಂದಿಳಿಯುವುದು ಆಕ್ಲೆಂಡಿಗೇ ಆದ್ದರಿಂದ, ಬೇಡಿಕೆ ಕುಗ್ಗಿದ್ದೂ ಅಲ್ಲಿಯೇ ಹೆಚ್ಚು. ಆ ಕುಗ್ಗುವಿಕೆಯ ಒಂದು ಪಾಲು ಈ ಲೆಕ್ಕದಲ್ಲಿ ನಿಯಮ ಸಡಿಲಿಕೆಯ ಖಾತೆಗೆ ಸೇರಿರಬಹುದು. ಇದಕ್ಕೆ ಎದುರಾಗಿ ಇನ್ನೊಂದು ಮಾತೂ ಇದೆ: ಆಕ್ಲೆಂಡಿನಲ್ಲಿ ಮನೆ ಸಿಕ್ಕವರು ಹ್ಯಾಮಿಲ್ಟನ್ನಿಗೋ ಟೌರಂಗಕ್ಕೋ ಹೋಗುವುದಿಲ್ಲ, ಹಾಗಾಗಿ ಆ ಊರುಗಳ ಬಾಡಿಗೆಯೂ ಅಷ್ಟು ತಗ್ಗುತ್ತದೆ, ಆಗ ಹೋಲಿಕೆಯಲ್ಲಿ ಅಂತರ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಎರಡನ್ನೂ ತೂಗಿ ನೋಡಿದಾಗ, ನಿಖರ ಅಂಕಿ ಯಾವುದೇ ಇರಲಿ, ಪರಿಣಾಮದ ದಿಕ್ಕಿನ ಬಗ್ಗೆ ನನಗೆ ಸಂಶಯ ಉಳಿಯುವುದಿಲ್ಲ.

ಆಸ್ಟ್ರೇಲಿಯಾದ ಅರ್ಥಶಾಸ್ತ್ರಜ್ಞರಾದ ಕ್ಯಾಮೆರಾನ್ ಮರ್ರೆ ಮತ್ತು ಟಿಮ್ ಹೆಲ್ಮ್ ಇದನ್ನು ಒಪ್ಪಲಿಲ್ಲ. ನಿರ್ಮಾಣ ಹೇಗೂ ಏರುವ ಹಾದಿಯಲ್ಲೇ ಇತ್ತು, ನಿಯಮ ಸಡಿಲಿಸದಿದ್ದರೆ ಏನಾಗುತ್ತಿತ್ತು ಎಂಬ ಅಂದಾಜೇ ತಪ್ಪು, ಆದ್ದರಿಂದ ನಿಯಮ ಸಡಿಲಿಕೆಯಿಂದ ಮನೆಗಳು ಹೆಚ್ಚಾದವೆಂಬುದಕ್ಕೆ ಆಧಾರವಿಲ್ಲ ಎಂಬುದು ಅವರ ವಾದ. ಇದು ಹಗುರವಾಗಿ ತಳ್ಳಿಹಾಕುವ ಆಕ್ಷೇಪವಲ್ಲ; ಕಟ್ಟುವ ಅವಕಾಶ ಕೊಟ್ಟ ಮಾತ್ರಕ್ಕೆ ಭೂಮಾಲೀಕ ಕಟ್ಟಲೇಬೇಕೆಂದಿಲ್ಲ, ಬೆಲೆ ಏರುವುದನ್ನು ಕಾಯುತ್ತಾ ಕೂರಬಹುದು ಎಂಬ ಅವರ ಒಳನೋಟ ಬೆಂಗಳೂರಿನ ಖಾಲಿ ಸೈಟುಗಳನ್ನು ಕಂಡವರಿಗೆ ಅರ್ಥವಾಗುತ್ತದೆ. ಮೂಲ ಅಧ್ಯಯನಕಾರರ ಉತ್ತರ ಹೀಗಿದೆ: ಸಡಿಲಿಕೆ ಇಲ್ಲದಿದ್ದರೂ ನಿರ್ಮಾಣ ಹಿಂದಿನ ಗತಿಗಿಂತ ಹಲವು ಪಟ್ಟು ವೇಗವಾಗಿ ಏರುತ್ತಿತ್ತು ಎಂದು ಒಪ್ಪಿಕೊಂಡರೂ, ನಿಜವಾಗಿ ಏರಿದ್ದು ಅದನ್ನೂ ಮೀರಿದೆ. ಸಡಿಲಾಗದ ಬಡಾವಣೆಗಳಲ್ಲಿ ನಿರ್ಮಾಣ ಹಿಂದಿನ ಮಟ್ಟದಲ್ಲೇ ಉಳಿದದ್ದಕ್ಕೆ ವಿಮರ್ಶಕರ ಬಳಿ ನನಗೆ ತೃಪ್ತಿಯಾಗುವ ವಿವರಣೆ ಕಾಣಲಿಲ್ಲ.

ನೆಲದ ಬೆಲೆ, ಮನೆಯ ಬೆಲೆ

ಸಾಮಾನ್ಯವಾಗಿ ಕೇಳಿಬರುವ ಇನ್ನೊಂದು ಆಕ್ಷೇಪವೆಂದರೆ, ಹೆಚ್ಚು ಮಹಡಿಗೆ ಅವಕಾಶ ಕೊಟ್ಟರೆ ನೆಲದ ಬೆಲೆ ಏರುತ್ತದೆ, ಅದರ ಭಾರ ಕೊನೆಗೆ ಬಾಡಿಗೆದಾರನ ಮೇಲೆಯೇ ಬೀಳುತ್ತದೆ ಎಂಬುದು. ಆಕ್ಲೆಂಡಿನಲ್ಲಿ ಮೊದಲ ಅರ್ಧ ನಿಜವಾಯಿತು. ದೊಡ್ಡ ನಿವೇಶನದಲ್ಲಿ ಹಳೆಯ ಚಿಕ್ಕ ಮನೆ ಇದ್ದ ಆಸ್ತಿಗಳ ಬೆಲೆ, ಈಗಾಗಲೇ ಒತ್ತಾಗಿ ಕಟ್ಟಿದ್ದ ಆಸ್ತಿಗಳಿಗೆ ಹೋಲಿಸಿದರೆ ಏರಿತು. ಎರಡನೆಯ ಅರ್ಧ ಮಾತ್ರ ಹಿಂಬಾಲಿಸಲಿಲ್ಲ. 10 ಗುಂಟೆ ನೆಲಕ್ಕೆ ಹೆಚ್ಚು ಬೆಲೆ ಕೊಟ್ಟರೂ ಅದನ್ನು ಎಂಟು ಮನೆಗಳು ಹಂಚಿಕೊಂಡಾಗ ಒಂದೊಂದು ಮನೆಯ ಪಾಲಿಗೆ ಬೀಳುವ ನೆಲದ ವೆಚ್ಚ ಮೊದಲಿಗಿಂತ ಕಡಿಮೆಯಾಗುತ್ತದೆ.

ಇಲ್ಲಿ ಸಡಿಲಿಕೆಯ ವಿಸ್ತಾರ ನಿರ್ಣಾಯಕ. ಒಂದು ಮುಖ್ಯರಸ್ತೆಯ ಎರಡು ಬದಿಗೆ ಮಾತ್ರ ಅವಕಾಶ ಕೊಟ್ಟಿದ್ದರೆ, ಆ ಕೆಲವೇ ಭೂಮಾಲೀಕರು ಕೇಳಿದಷ್ಟು ಬೆಲೆಯನ್ನು ಕೊಡಬೇಕಾಗುತ್ತಿತ್ತು. ನಗರದ ಮುಕ್ಕಾಲು ಭಾಗಕ್ಕೆ ಕೊಟ್ಟಾಗ, ಒಬ್ಬ ಮಾಲೀಕ ಹಟಹಿಡಿದರೆ ಬಿಲ್ಡರು ಮುಂದಿನ ಬೀದಿಗೆ ಹೋಗುತ್ತಾನೆ. ಭೂಮಾಲೀಕರ ಚೌಕಾಸಿಯ ಬಲ ಹೀಗೆ ಕರಗಿತು.

ಯಾರಿಗೆ ತಲುಪಲಿಲ್ಲ

ಹೊಸ ಸಾಲುಮನೆಗಳು ಬಡವರಿಗೆಂದು ಕಟ್ಟಿದವಲ್ಲ. ಅವು ಹೊಸವು, ಬೆಚ್ಚಗಿವೆ, ಅವುಗಳ ಬಾಡಿಗೆಯೂ ಹೆಚ್ಚು. ಮಧ್ಯಮ ವರ್ಗದ ಕುಟುಂಬ ಹೊಸ ಮನೆಗೆ ಹೋದಾಗ ಅದು ಬಿಟ್ಟ ಹಳೆಯ ಮನೆ ಇನ್ನೊಬ್ಬರಿಗೆ, ಅವರು ಬಿಟ್ಟದ್ದು ಮತ್ತೊಬ್ಬರಿಗೆ ಎಂದು ಸರಪಳಿಯಂತೆ ಕೆಳಗೆ ಇಳಿಯುತ್ತದೆ. ಅಮೆರಿಕದ 12 ನಗರಗಳಲ್ಲಿ ಇವಾನ್ ಮಾಸ್ಟ್ ನಡೆಸಿದ ಅಧ್ಯಯನದಲ್ಲಿ, 100 ಜನ ವಾಸಿಸುವ ಹೊಸ ಕಟ್ಟಡದಿಂದ ಶುರುವಾಗುವ ಸರಪಳಿ ಕಡಿಮೆ ಆದಾಯದ ಬಡಾವಣೆಗಳಿಂದ 45ರಿಂದ 70 ಜನ ಹೊರಹೋಗಲು ದಾರಿ ಮಾಡುತ್ತದೆಂದೂ, ಅದರ ಬಹುಪಾಲು ಮೂರು ವರ್ಷಗಳಲ್ಲೇ ಆಗುತ್ತದೆಂದೂ ಕಂಡುಬಂತು. ಸರಪಳಿ ನಿಜ. ಆದರೆ ಅದರ ಕೊನೆಯ ಕೊಂಡಿ ತಲುಪುವಷ್ಟರಲ್ಲಿ ಕೆಲವರ ಕೈಯಲ್ಲಿ ಮನೆಯೇ ಇರುವುದಿಲ್ಲ.

ನ್ಯೂಜಿಲೆಂಡಿನಲ್ಲಿ ಸರ್ಕಾರಿ ಮನೆಗಾಗಿ ಕಾಯುತ್ತಿರುವವರ ಪಟ್ಟಿ 2017ರಲ್ಲಿ 6,000ದ ಆಸುಪಾಸಿನಲ್ಲಿತ್ತು. ಐದು ವರ್ಷಗಳಲ್ಲಿ ಅದು 25,000 ದಾಟಿತು. ಇದು ಇಡೀ ದೇಶದ ಲೆಕ್ಕವಾದರೂ, ಅದರಲ್ಲಿ ದೊಡ್ಡ ಪಾಲು ಆಕ್ಲೆಂಡಿನದೇ. ಬಾಡಿಗೆ ಏರುವ ವೇಗ ತಗ್ಗಿದ ಅದೇ ವರ್ಷಗಳಲ್ಲಿ ಈ ಪಟ್ಟಿ ನಾಲ್ಕು ಪಟ್ಟಾಯಿತು ಎಂಬುದನ್ನು ಸಡಿಲಿಕೆಯ ಪರವಾಗಿ ವಾದಿಸುವವರು ಕಡೆಗಣಿಸಬಾರದು. ಅಗ್ಗದ ಮನೆಯ ಪಾಲನ್ನು ಕಡ್ಡಾಯ ಮಾಡಬೇಕೆಂಬ ಪ್ರಸ್ತಾಪವನ್ನು ಕೈಬಿಟ್ಟದ್ದರ ಬಗ್ಗೆ ನನಗಿರುವ ಅಸಮಾಧಾನ ಇದೇ. ಬಿಲ್ಡರನ ಮೇಲೆ ಹೊರಿಸುವುದು ತಪ್ಪೆಂದಾದರೆ ಆ ಹೊಣೆಯನ್ನು ಸರ್ಕಾರವಾದರೂ ಅಂದೇ ಹೊರಬೇಕಿತ್ತು.

ತಡವಾಗಿಯಾದರೂ ಅದು ಸ್ವಲ್ಪಮಟ್ಟಿಗೆ ನಡೆಯಿತು. ಹೌಸಿಂಗ್ ನ್ಯೂಜಿಲೆಂಡ್ 2019ರಲ್ಲಿ ಕೈಂಗಾ ಓರಾ ಎಂಬ ಹೊಸ ಸಂಸ್ಥೆಯೊಳಗೆ ಸೇರಿತು. 1940–50ರ ದಶಕಗಳಲ್ಲಿ ಕಾಲು ಎಕರೆಗೊಂದರಂತೆ ಕಟ್ಟಿದ್ದ ಸರ್ಕಾರಿ ಮನೆಗಳನ್ನು ತೆಗೆದು, ಹೊಸ ನಿಯಮದ ಅವಕಾಶ ಬಳಸಿ, ಅದೇ ನೆಲದಲ್ಲಿ ಹಲವು ಸರ್ಕಾರಿ ಮನೆಗಳನ್ನೂ ಮಾರುಕಟ್ಟೆಯ ಮನೆಗಳನ್ನೂ ಅದು ಕಟ್ಟತೊಡಗಿತು. ಮೌಂಟ್ ರಾಸ್ಕಿಲ್, ಮಾಂಗೆರೆ, ನಾರ್ತ್‌ಕೋಟ್ ಬಡಾವಣೆಗಳಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಮೌಂಟ್ ರಾಸ್ಕಿಲ್ ಮತ್ತು ಅದರ ಪಕ್ಕದ ಸ್ಯಾಂಡ್‌ರಿಂಗ್‌ಹ್ಯಾಮ್ ಭಾರತೀಯ ಅಂಗಡಿ, ಹೋಟೆಲುಗಳಿಗೆ ಹೆಸರಾದ ಜಾಗಗಳು. ದೇಶ ಬಿಟ್ಟು ಅಲ್ಲಿ ಬಾಡಿಗೆ ಮನೆ ಹಿಡಿದ ಕನ್ನಡದ ಕುಟುಂಬಗಳಿಗೂ ಈ ಬದಲಾವಣೆ ಕಣ್ಣೆದುರಿನದು. ಮಾರುಕಟ್ಟೆಯ ಮನೆಗೆ ಅವಕಾಶ ಕೊಟ್ಟ ನಿಯಮವೇ ಸರ್ಕಾರಿ ಮನೆಗೂ ಅವಕಾಶ ಕೊಟ್ಟಿತು ಎಂಬ ಅಂಶ, ಈ ಎರಡನ್ನು ಒಂದಕ್ಕೊಂದು ವಿರುದ್ಧವೆಂದು ನಿಲ್ಲಿಸುವ ವಾದಗಳಲ್ಲಿ ಮರೆತುಹೋಗುತ್ತದೆ.

ಭಾರ ಸಮನಾಗಿ ಹಂಚಿಕೆಯಾಗಲಿಲ್ಲ ಎಂಬುದನ್ನೂ ದಾಖಲಿಸಬೇಕು. ಕೇಂದ್ರಕ್ಕೆ ಹತ್ತಿರದ, ಶತಮಾನದಷ್ಟು ಹಳೆಯ ಮರದ ಮನೆಗಳಿರುವ ಶ್ರೀಮಂತ ಬಡಾವಣೆಗಳು ಪಾರಂಪರಿಕ ಸೊಬಗಿನ ಹೆಸರಿನಲ್ಲಿ ಬಹುಪಾಲು ಒಂಟಿ ಮನೆ ವಲಯದಲ್ಲೇ ಉಳಿದವು. ಆ ಬಡಾವಣೆಗಳಲ್ಲಿ ಮನೆಗಳು ಅಷ್ಟಾಗಿ ಹೆಚ್ಚಲಿಲ್ಲ. 2023ರ ಜನವರಿ 27ರ ಮಹಾಮಳೆಯಲ್ಲಿ ನಗರ ಮುಳುಗಿ ನಾಲ್ವರು ಸತ್ತಾಗ, ಚರಂಡಿ, ಒಳಚರಂಡಿಗಳ ಸಾಮರ್ಥ್ಯ ನೋಡದೆ ಕಟ್ಟಲು ಬಿಟ್ಟಿದ್ದೇಕೆ ಎಂಬ ಪ್ರಶ್ನೆ ಎದ್ದದ್ದೂ ನ್ಯಾಯವೇ.

ಬೆಂಗಳೂರಿನಿಂದ ನೋಡಿದಾಗ

ಎರಡೂ ನಗರಗಳನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. ಆಕ್ಲೆಂಡಿನಲ್ಲಿ ನಿಯಮ ಪಾಲಿಸಿ ಒಂದೇ ಮನೆ ಕಟ್ಟುತ್ತಿದ್ದರು. ಬೆಂಗಳೂರಿನಲ್ಲಿ 30×40 ಸೈಟಿನ ಮೇಲೆ ನಾಲ್ಕೈದು ಮಹಡಿ ಎಬ್ಬಿಸಿ ಮೇಲಿನವನ್ನು ಬಾಡಿಗೆಗೆ ಕೊಡುವುದು ನಿಯಮ ಏನೇ ಹೇಳಲಿ ನಡೆದುಕೊಂಡೇ ಬಂದಿದೆ. ಆ ಅರ್ಥದಲ್ಲಿ ನಮ್ಮ ಬಾಡಿಗೆದಾರರಿಗೆ ಸೂರು ಒದಗಿಸಿದ್ದು ನಿಯಮ ಮೀರಿದ ಮಹಡಿಗಳೇ, ಅದಕ್ಕೆ ಗಾಳಿ, ಬೆಳಕು, ನೀರಿನ ರೂಪದಲ್ಲಿ ಬೆಲೆ ತೆತ್ತವರೂ ಅವರೇ.

ಆದರೆ ಆಕ್ಲೆಂಡಿನ ಪ್ರಕರಣದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಮನೆಗಳಿಗಿಂತ ಒಂದು ಸಣ್ಣ ಸರ್ಕಾರಿ ವ್ಯವಸ್ಥೆ. ನ್ಯೂಜಿಲೆಂಡಿನಲ್ಲಿ ಬಾಡಿಗೆದಾರ ಕೊಡುವ ಸಾಮಾನ್ಯ ಮುಂಗಡ ನಾಲ್ಕು ವಾರಗಳ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ, ಮತ್ತು ಆ ಹಣವನ್ನು ಮಾಲೀಕ ತನ್ನ ಬಳಿ ಇಟ್ಟುಕೊಳ್ಳದೆ ಸರ್ಕಾರದ ಬಳಿ ಠೇವಣಿ ಇಡಬೇಕು. ಠೇವಣಿ ಇಡುವಾಗ ಬಾಡಿಗೆ ಎಷ್ಟು, ಕೋಣೆಗಳು ಎಷ್ಟು, ಯಾವ ಬಡಾವಣೆ ಎಂಬ ವಿವರಗಳೂ ದಾಖಲಾಗುತ್ತವೆ. ಮೇಲೆ ಹೇಳಿದ ಬಾಡಿಗೆ ಅಧ್ಯಯನ ನಿಂತಿರುವುದು ಈ ದಾಖಲೆಗಳ ಮೇಲೆ. ಬೆಂಗಳೂರಿನಲ್ಲಿ ಮಾಲೀಕರು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವುದು ಬಹುಕಾಲದ ರೂಢಿ. ಆ ಹಣ ಮಾಲೀಕರ ಕೈಯಲ್ಲೇ ಇರುತ್ತದೆ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಅಗ್ರಿಮೆಂಟನ್ನು 11 ತಿಂಗಳಿಗೆ ಬರೆಯಲಾಗುತ್ತದೆ, ಛಾಪಾ ಕಾಗದದ ಆ ಪ್ರತಿ ಬೀರುವಿನಲ್ಲಿ ಉಳಿಯುತ್ತದೆ. ಹೀಗಾಗಿ ಮೆಟ್ರೊ ಮಾರ್ಗದ ಬಳಿ ಹೆಚ್ಚು ಮಹಡಿಗೆ ಅವಕಾಶ ಕೊಟ್ಟರೆ ಅಲ್ಲಿಯ ಬಾಡಿಗೆಗೆ ಏನಾಗುತ್ತದೆಂದು ನಾಳೆ ಯಾರಾದರೂ ಅಳೆಯಲು ಹೊರಟರೆ, ಅವರಿಗೆ ಸಿಗುವುದು ಜಾಹೀರಾತುಗಳಲ್ಲಿ ಕೇಳಿದ ಬಾಡಿಗೆಯೇ ಹೊರತು, ಜನ ನಿಜವಾಗಿ ಕೊಟ್ಟ ಬಾಡಿಗೆ ಅಲ್ಲ.

ಆಕ್ಲೆಂಡಿನಲ್ಲಿ 2022ರ ನಂತರ ಬಡ್ಡಿದರ ಏರಿ ಪರವಾನಗಿಗಳು ತಗ್ಗಿ, 2024ರ ಹೊತ್ತಿಗೆ ವರ್ಷಕ್ಕೆ ಸುಮಾರು 14,000ಕ್ಕೆ ಬಂದು ನಿಂತವು. ಇಳಿದ ಮೇಲೂ ಆ ಸಂಖ್ಯೆ 2016ರದಕ್ಕಿಂತ ಮೇಲಿತ್ತು.